ಕಬ್ಬು ಎಂದು ಹುಡುಕಿದರೆ ಸೊನ್ನೆ: ನಮ್ಮ ಲೈಬ್ರರಿಯ ಹಳೆಯ ಲಿನಕ್ಸ್ ಬದಲಿಸಿದ್ದು

ಮಂಡ್ಯದ ನಮ್ಮ ಕಾಲೇಜು ಲೈಬ್ರರಿಯ ಸರ್ವರ್ ನನ್ನ ಮೇಜಿನ ಕೆಳಗೆ ಇದೆ. ಸರ್ವರ್ ಅಂದರೆ ದೊಡ್ಡದೇನೂ ಅಲ್ಲ. 2015ರಲ್ಲಿ ಲ್ಯಾಬಿಗೆ ಹೊಸ ಕಂಪ್ಯೂಟರುಗಳು ಬಂದಾಗ ಮಿಕ್ಕಿದ ಒಂದು ಡೆಸ್ಕ್‌ಟಾಪನ್ನು ಕೇಳಿ ಇಸಕೊಂಡು ಬಂದಿದ್ದೆ. ನಾಲ್ಕು ಜಿಬಿ ಮೆಮೊರಿ, 500 ಜಿಬಿ ಹಾರ್ಡ್ ಡಿಸ್ಕ್. ಅದಕ್ಕೆ ಉಬುಂಟು 14.04 ಹಾಕಿ (ವಿಂಡೋಸ್ ಹಾಗೆ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಸಿಸ್ಟಮ್‌ಗಳಲ್ಲಿ ಒಂದು), ಅದರ ಮೇಲೆ ಕೋಹಾ ಹಾಕಿದೆವು. ಹತ್ತು ವರ್ಷದಲ್ಲಿ ಅದು ಒಂದು ದಿನವೂ ಕೈ ಕೊಡಲಿಲ್ಲ. ಬೇಸಿಗೆಯಲ್ಲಿ ಫ್ಯಾನಿನ ಸದ್ದು ಸ್ವಲ್ಪ ಜಾಸ್ತಿ ಆಗುತ್ತಿತ್ತು, ಅಷ್ಟೇ.

ಕೋಹಾ ಗೊತ್ತಿಲ್ಲದವರಿಗೆ ಎರಡು ಮಾತು. ಲೈಬ್ರರಿಯ ಕೆಲಸವನ್ನೆಲ್ಲ ನಡೆಸುವ ತಂತ್ರಾಂಶ ಅದು. ಪುಸ್ತಕದ ದಾಖಲೆ, ಕೊಟ್ಟಿದ್ದು, ತಗೊಂಡಿದ್ದು, ದಂಡ, ಎಲ್ಲವೂ ಅದರಲ್ಲೇ. ನ್ಯೂಜಿಲೆಂಡಿನ ಒಂದು ಊರ ಲೈಬ್ರರಿಗಾಗಿ ಮಾಡಿದ್ದು, 2000ದ ಜನವರಿಯಲ್ಲಿ ಬಳಕೆಗೆ ಬಂತು. ಮಾವೋರಿ ಭಾಷೆಯಲ್ಲಿ ಕೋಹಾ ಎಂದರೆ ಉಡುಗೊರೆ. ಯಾರು ಬೇಕಾದರೂ ಕಾಸು ಕೊಡದೆ ಹಾಕಿಕೊಳ್ಳಬಹುದು. ನಮ್ಮಂಥ ಕಾಲೇಜಿಗೆ ಅದು ನಿಜವಾಗಿಯೂ ಉಡುಗೊರೆಯೇ.

2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತಲ್ಲ, ಆಗ ಪುಸ್ತಕ ಮಳಿಗೆಗಳಲ್ಲಿ ಮೂರು ದಿನ ಅಲೆದು ಲೈಬ್ರರಿಗೆ ಒಂದಿಷ್ಟು ಪುಸ್ತಕ ಕೊಂಡೆವು. ಜನವರಿ ಪೂರ್ತಿ ಅವನ್ನು ದಾಖಲಿಸುವ ಕೆಲಸ. ಒಂದು ಸಂಜೆ ಬ್ಯಾಚ್ ಎಂಟ್ರಿ ಮಾಡುವಾಗ ತಪ್ಪು ಗುಂಡಿ ಒತ್ತಿಬಿಟ್ಟೆ. ಎಂಟು ಪುಸ್ತಕದ ದಾಖಲೆ ಮೇಲೆ ಬೇರೆ ದಾಖಲೆ ಕೂತುಬಿಟ್ಟಿತು. ಹೋಗಲಿ, ನಿನ್ನೆಯ ಬ್ಯಾಕಪ್ ಇದೆಯಲ್ಲಾ ಅಂತ ಸಮಾಧಾನದಿಂದಲೇ ನೋಡಲು ಹೋದೆ.

ಕೋಹಾ ದಿನಾ ತಾನೇ ಒಂದು ಬ್ಯಾಕಪ್ ಮಾಡಿಕೊಳ್ಳುತ್ತದೆ. ಆದರೆ ಅದು ಇಡುವುದು ಅದೇ ಡಿಸ್ಕಿನಲ್ಲಿ. ನಾವು ಬದಲಿಸದಿದ್ದರೆ ಎರಡು ದಿನದ್ದು ಮಾತ್ರ ಉಳಿಸಿ, ಹಳೆಯದನ್ನು ಅಳಿಸುತ್ತದೆ. ಅದಕ್ಕೇ ಶುರುವಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಸಣ್ಣ ಸ್ಕ್ರಿಪ್ಟ್, ಅಂದರೆ ತಾನೇ ಓಡುವ ಆಜ್ಞೆಗಳ ಪಟ್ಟಿ, ಬರೆದುಕೊಟ್ಟಿದ್ದ. ರಾತ್ರಿ ಒಂದೂವರೆಗೆ ಆ ಫೈಲನ್ನು ನಾನು ಬಾಡಿಗೆಗೆ ತಗೊಂಡ ಹೊರಗಿನ ಜಾಗಕ್ಕೆ ಕಳಿಸುತ್ತಿತ್ತು. ಆ ಜಾಗ ತೆರೆದು ನೋಡಿದೆ. ಕೊನೆಯ ಫೈಲಿನ ತಾರೀಕು 30 ಸೆಪ್ಟೆಂಬರ್ 2021.

ಮೂರು ವರ್ಷಕ್ಕೂ ಜಾಸ್ತಿ. ಅಷ್ಟು ದಿನ ನಮ್ಮ ಇಡೀ ಲೈಬ್ರರಿ ಒಂದೇ ಹಳೆಯ ಡಿಸ್ಕಿನ ಮೇಲೆ ನಿಂತಿತ್ತು. ಆ ರಾತ್ರಿ ಮೈಸೂರಿಗೆ ವಾಪಸ್ ಬರುವ ರೈಲಿನಲ್ಲಿ ನಾನು ಮೊಬೈಲ್ ತೆಗೆಯಲೇ ಇಲ್ಲ. ಶ್ರೀರಂಗಪಟ್ಟಣದ ಸೇತುವೆ ದಾಟಿದ್ದೂ ಗೊತ್ತಾಗಲಿಲ್ಲ.

ಆಮೇಲೆ ಕಾರಣ ಹುಡುಕಿದೆವು. ಹೊರಗಿನ ಜಾಗದ ಭದ್ರತಾ ಸರ್ಟಿಫಿಕೇಟ್, ಅಂದರೆ ಈ ಜಾಗ ಅಸಲಿ ಎಂದು ಹೇಳುವ ಗುರುತುಪತ್ರ, ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯದ್ದು. ಆ ಸರ್ಟಿಫಿಕೇಟನ್ನು ನಂಬಲು ಹಳೆಯ ಸಿಸ್ಟಮ್‌ಗಳು ಒಂದು ಮೂಲ ಸರ್ಟಿಫಿಕೇಟನ್ನು ನೆಚ್ಚಿಕೊಂಡಿದ್ದವು. ಅದರ ಹೆಸರು ಡಿಎಸ್‌ಟಿ ರೂಟ್ ಸಿಎ ಎಕ್ಸ್3. ಅದರ ಅವಧಿ ಮುಗಿದದ್ದು 2021ರ ಸೆಪ್ಟೆಂಬರ್ 30ಕ್ಕೆ. ಹೊಸ ಸಿಸ್ಟಮ್‌ಗಳು ಬೇರೆ ಮೂಲವನ್ನು ನೋಡಿಕೊಂಡು ಮುಂದೆ ಹೋದವು. ಉಬುಂಟು 14.04ರಲ್ಲಿ ಈ ಸರ್ಟಿಫಿಕೇಟ್ ಪರೀಕ್ಷಿಸುವ ಓಪನ್‌ಎಸ್‌ಎಸ್‌ಎಲ್ ಮಾತ್ರ ಅವಧಿ ಮುಗಿದ ದಾರಿಯಲ್ಲೇ ಹೋಗಿ, ನಂಬಲು ಆಗುವುದಿಲ್ಲ ಎಂದು ನಿಂತುಬಿಡುತ್ತಿತ್ತು. ಸ್ಕ್ರಿಪ್ಟ್ ದಿನಾ ರಾತ್ರಿ ಓಡುತ್ತಿತ್ತು. ದಿನಾ ರಾತ್ರಿ ಸೋಲುತ್ತಿತ್ತು. ಸೋತರೆ ಹೇಳು ಎಂದು ಅದಕ್ಕೆ ನಾವು ಹೇಳಿಕೊಟ್ಟಿರಲಿಲ್ಲ.

14.04ಕ್ಕೆ ಮಾಮೂಲಿ ಅಪ್‌ಡೇಟ್ ನಿಂತದ್ದು 2019ರ ಏಪ್ರಿಲಿನಲ್ಲಿ. ನನಗೆ ಅದು ಗೊತ್ತಿತ್ತು. ಹೊರಗಿನ ಇಂಟರ್ನೆಟ್ಟಿಗೆ ತೆರೆದಿಲ್ಲ, ಕಾಲೇಜಿನ ಒಳಗೇ ಇದೆ, ಪರವಾಗಿಲ್ಲ ಅಂತ ಸುಮ್ಮನಿದ್ದೆ. ಈಗ ಇನ್ನೊಂದು ಬೇಡಿಕೆಯೂ ಬಂತು. ಮಕ್ಕಳು ಮನೆಯಿಂದಲೇ ಮೊಬೈಲಿನಲ್ಲಿ ಪುಸ್ತಕ ಹುಡುಕುವ ಹಾಗೆ ಮಾಡಿ ಎಂದು ಕಾಲೇಜಿನಲ್ಲಿ ಹೇಳಿದರು. ಒಳ್ಳೆಯ ಮಾತೇ. ಆದರೆ ಆರು ವರ್ಷದಿಂದ ತೇಪೆ ಕಾಣದ ಸಿಸ್ಟಮ್ಮನ್ನು ಹೊರಗಿನ ಲೋಕಕ್ಕೆ ತೆರೆಯಲು ನಾನು ಒಪ್ಪಲಿಲ್ಲ. ಮೊದಲು ಸಿಸ್ಟಮ್ ಬದಲಾಗಲಿ, ಆಮೇಲೆ ತೆರೆಯೋಣ ಎಂದೆ.

ನಮ್ಮ ಅಟೆಂಡರ್ ಅಣ್ಣ ಮಾತ್ರ ಬೇಡ ಅಂದರು. "ಓಡ್ತಾ ಅದಲ್ಲಾ ಮೇಡಂ, ಸುಮ್ಕೆ ಯಾಕೆ ಮುಟ್ತೀರಿ?" ಅವರ ಮಾತಿನಲ್ಲೂ ಸತ್ಯ ಇತ್ತು. ಓಡುತ್ತಿರುವ ಮೆಷಿನ್ ಮುಟ್ಟಿ ಕೆಡಿಸಿಕೊಂಡವರನ್ನು ಅವರೂ ನೋಡಿದ್ದಾರೆ, ನಾನೂ ನೋಡಿದ್ದೇನೆ. ಅವರಿಗೆ ಒಂದು ಮಾತು ಕೊಟ್ಟೆ. ಎಲ್ಲಾ ಕೆಲಸ ನಕಲಿನ ಮೇಲೆ ಮಾಡುತ್ತೇನೆ, ಓಡುತ್ತಿರುವ ಡಿಸ್ಕ್ ಮುಟ್ಟುವುದಿಲ್ಲ ಎಂದು. ಈ ಇಡೀ ಬರಹದಲ್ಲಿ ನೀವು ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಅದನ್ನೇ ಇಟ್ಟುಕೊಳ್ಳಿ.

ಮೊದಲು ಡಿಸ್ಕಿನ ಆರೋಗ್ಯ ನೋಡಿದೆವು. ಸ್ಮಾರ್ಟ್‌ಸಿಟಿಎಲ್ ಎಂಬ ಆಜ್ಞೆ ಇದೆ, ಡಿಸ್ಕ್ ತನ್ನ ಬಗ್ಗೆ ತಾನೇ ಬರೆದಿಟ್ಟುಕೊಂಡಿದ್ದನ್ನು ಅದು ಓದಿ ಹೇಳುತ್ತದೆ. ಅದರಲ್ಲಿ ರಿಅಲೋಕೇಟೆಡ್ ಸೆಕ್ಟರ್ ಎಂಬ ಸಾಲು ಮುಖ್ಯ. ಕೆಟ್ಟ ಜಾಗ ಬಿಟ್ಟು ಬೇರೆ ಜಾಗಕ್ಕೆ ಎಷ್ಟು ಸಲ ಹೋಯಿತು ಎಂಬ ಲೆಕ್ಕ. ಸೊನ್ನೆ ಇರಬೇಕು. ನಮ್ಮದು 24 ತೋರಿಸಿತು. ಇಂಥ ಡಿಸ್ಕಿನ ಮೇಲೆ ಅಪ್‌ಗ್ರೇಡ್ ಶುರು ಮಾಡಿದ್ದರೆ ಸಾವಿರಾರು ಫೈಲ್ ಒಂದೇ ಸಲ ಬರೆಯುವ ಒತ್ತಡಕ್ಕೇ ಅದು ಕೈ ಬಿಡಬಹುದಿತ್ತು. ಅವತ್ತೇ ಸಂಜೆ ಒಂದು ಹೊಸ ಡಿಸ್ಕ್ ತಂದು, ಡಿಡಿರೆಸ್ಕ್ಯೂ ಬಳಸಿ ಇಡೀ ಡಿಸ್ಕಿನ ನಕಲು ತೆಗೆದೆವು. ಎರಡು ಗಂಟೆ ಚಿಲ್ಲರೆ ಹಿಡಿಯಿತು. ಕಾಪಿ ಮಾಡುವಾಗ ಓದಲಾಗದ ಜಾಗ ಸಿಕ್ಕಿದರೆ ಈ ತಂತ್ರಾಂಶ ಅಲ್ಲೇ ನಿಲ್ಲುವುದಿಲ್ಲ. ಅದನ್ನು ಬರೆದಿಟ್ಟುಕೊಂಡು ಮುಂದೆ ಹೋಗಿ, ಕೊನೆಗೆ ಮತ್ತೆ ಬಂದು ಪ್ರಯತ್ನಿಸುತ್ತದೆ. ನಮ್ಮ ಪುಣ್ಯ, ಒಂದು ಬೈಟೂ ಹೋಗಿರಲಿಲ್ಲ.

ಈ ನಕಲನ್ನು ಲ್ಯಾಬಿನ ಇನ್ನೊಂದು ಹಳೆಯ ಮೆಷಿನ್ನಿಗೆ ಹಾಕಿದೆವು. ಎದ್ದಿತು. ಅದೇ ಪರದೆ, ಅದೇ ಕೋಹಾ. ಅಷ್ಟಕ್ಕೇ ಒಂದು ಭಾರ ಇಳಿದ ಹಾಗಾಯಿತು.

ಅಲ್ಲೊಂದು ತಪ್ಪು ಮಾಡಿದೆ. ನಕಲು ಅಂದರೆ ಪೂರ್ತಿ ನಕಲು. ಬೆಳಿಗ್ಗೆ ಮಕ್ಕಳಿಗೆ ಪುಸ್ತಕ ವಾಪಸ್ ತನ್ನಿ ಎಂದು ಮೇಲ್ ಕಳಿಸುವ ಕೆಲಸವೂ ಅದರೊಳಗೆ ಇತ್ತು. ಮೆಷಿನ್ ನೆಟ್‌ವರ್ಕಿನಲ್ಲೇ ಇತ್ತು. ಒಂದು ವಾರದ ಹಿಂದಿನ ದಾಖಲೆ ಇಟ್ಟುಕೊಂಡು ಅದು ತನ್ನ ಪಾಡಿಗೆ ಮೇಲ್ ಕಳಿಸಿತು. ಬಿ.ಎ. ಎರಡನೇ ವರ್ಷದ ಒಬ್ಬಳು ಹುಡುಗಿ ಓಡಿ ಬಂದು, "ಮೇಡಂ, ಸೋಮವಾರವೇ ಕೊಟ್ಟಿದ್ದೀನಲ್ಲಾ, ದಂಡ ಬೀಳುತ್ತಾ?" ಎಂದು ಅಳುವ ಮುಖ ಮಾಡಿದಳು. ನನಗೆ ತುಂಬಾ ಬೇಜಾರಾಯಿತು. ನೀವು ಕೋಹಾ ಬಳಸುವವರಾದರೆ ನಕಲು ಎದ್ದ ಕೂಡಲೇ ಕೋಹಾ-ಇಮೇಲ್-ಡಿಸೇಬಲ್ ಆಜ್ಞೆ ಕೊಡಿ. ಬೇರೆ ಯಾವ ಸರ್ವರ್ ಆದರೂ ಅಷ್ಟೇ. ತಾನಾಗಿ ಹೊರಗೆ ಏನಾದರೂ ಕಳಿಸುವ ಕೆಲಸ ಒಳಗಿದೆಯಾ ಎಂದು ಕ್ರಾನ್ ಪಟ್ಟಿ (ಹೊತ್ತಿಗೆ ಸರಿಯಾಗಿ ತಾನೇ ಓಡುವ ಕೆಲಸಗಳ ಪಟ್ಟಿ) ಓದಿಯೇ ನೆಟ್‌ವರ್ಕ್ ತಂತಿ ಹಾಕಿ.

ಏಪ್ರಿಲ್, ಮೇ ರಜೆಯಲ್ಲಿ ತಾಲೀಮು ಶುರುವಾಯಿತು. ಮೊದಲು ಇದ್ದಲ್ಲೇ ಅಪ್‌ಗ್ರೇಡ್ ಮಾಡಿ ನೋಡೋಣ ಎಂದುಕೊಂಡೆವು. ಉಬುಂಟುವಿನಲ್ಲಿ ಅದಕ್ಕೆ ಡು-ರಿಲೀಸ್-ಅಪ್‌ಗ್ರೇಡ್ ಎಂಬ ಆಜ್ಞೆ ಇದೆ. ಆದರೆ 14.04ರಿಂದ ಸೀದಾ 22.04ಕ್ಕೆ ಹಾರಲು ಬಿಡುವುದಿಲ್ಲ. ಒಂದು ಎಲ್‌ಟಿಎಸ್‌ನಿಂದ (ಹೆಚ್ಚು ವರ್ಷ ಅಪ್‌ಡೇಟ್ ಸಿಗುವ ಆವೃತ್ತಿ) ಅದರ ಮುಂದಿನ ಎಲ್‌ಟಿಎಸ್‌ಗೆ ಮಾತ್ರ. 16.04, 18.04, 20.04, 22.04. ನಾಲ್ಕು ಮೆಟ್ಟಿಲು. ಪ್ರತಿ ಮೆಟ್ಟಿಲಿನಲ್ಲೂ ಅಡಿಪಾಯದ್ದು ಏನಾದರೂ ಬದಲಾಗುತ್ತದೆ. ಮೊದಲನೆಯದರಲ್ಲೇ ಸಿಸ್ಟಮ್ಮನ್ನು ಎಬ್ಬಿಸುವ ಅಪ್‌ಸ್ಟಾರ್ಟ್ ಹೋಗಿ ಸಿಸ್ಟಮ್‌ಡಿ ಬಂತು, ದಾಖಲೆ ಇಡುವ ಮೈಎಸ್‌ಕ್ಯೂಎಲ್ 5.5 ಹೋಗಿ 5.7 ಬಂತು. ಹೊರಗಿನಿಂದ ಸೇರಿಸಿದ ರೆಪಾಸಿಟರಿಗಳನ್ನೆಲ್ಲ (ತಂತ್ರಾಂಶ ಇಳಿಸಿಕೊಳ್ಳುವ ಮೂಲಗಳು) ಅಪ್‌ಗ್ರೇಡ್ ತಾನೇ ಆಫ್ ಮಾಡುತ್ತದೆ. ನಮ್ಮ ಕೋಹಾ ಬಂದಿದ್ದೂ ಹಾಗೆ ಸೇರಿಸಿದ ಕಡೆಯಿಂದಲೇ.

ಶುರು ಮಾಡುವ ಮೊದಲು ನೋಡಬೇಕಾದ್ದು ಒಂದಷ್ಟು ಇದೆ. ಇರುವ ಆವೃತ್ತಿಯ ಅಪ್‌ಡೇಟ್‌ಗಳನ್ನೆಲ್ಲ ಮೊದಲು ಹಾಕಿ ಮುಗಿಸಬೇಕು. ಡಿಸ್ಕಿನಲ್ಲಿ ಜಾಗ ಇರಬೇಕು. ಮೆಷಿನ್ ಏಳಲು ಬೇಕಾದ ಫೈಲ್ ಇಡುವ ಬೂಟ್ ಪಾರ್ಟಿಷನ್ ಬೇರೆ ಇದ್ದರೆ ಅದನ್ನಂತೂ ನೋಡಲೇಬೇಕು. ಹಳೆಯ ಕರ್ನಲ್‌ಗಳು (ಸಿಸ್ಟಮ್ಮಿನ ಮೂಲ ತಿರುಳು) ಒಂದರ ಮೇಲೊಂದು ಕೂತು ಅದು ತುಂಬಿರುತ್ತದೆ. ನಮ್ಮದು ಶೇ. 97 ತುಂಬಿತ್ತು. ಏಳು ಕರ್ನಲ್ ಇದ್ದವು. ಬೇಡದ್ದನ್ನು ತೆಗೆಯುವ ಆಪ್ಟ್ ಆಟೊರಿಮೂವ್ ಆಜ್ಞೆ ಕೊಟ್ಟ ಮೇಲೆ ಎರಡು ಉಳಿದವು. ಈ ಜಾಗ ಅರ್ಧದಲ್ಲಿ ಸಾಲದೆ ಹೋದರೆ ಹೊಸ ಕರ್ನಲ್ ಅರೆಬರೆ ಬರೆದು ನಿಲ್ಲುತ್ತದೆ, ಆಮೇಲೆ ಮೆಷಿನ್ ಏಳುವುದೇ ಕಷ್ಟ.

16.04ಕ್ಕೆ ಚೆನ್ನಾಗಿಯೇ ಹತ್ತಿತು. ಮರುದಿನ ಮಧ್ಯಾಹ್ನ 18.04ಕ್ಕೆ ಹೊರಟೆವು. ಮೇ ತಿಂಗಳ ಮಳೆ ನಿಮಗೆ ಗೊತ್ತಲ್ಲ. ಮೂರೂವರೆಗೆ ಮೋಡ ಕಟ್ಟಿತು, ಗುಡುಗು, ಗಾಳಿ, ಕರೆಂಟ್ ಹೋಯಿತು. ಯುಪಿಎಸ್ ಮೂರು ನಿಮಿಷ ಕೂಗಿ ಸುಮ್ಮನಾಯಿತು. ಅದರ ಬ್ಯಾಟರಿ 2019ರದ್ದು. ಪ್ಯಾಕೇಜುಗಳು, ಅಂದರೆ ತಂತ್ರಾಂಶದ ಕಟ್ಟುಗಳು, ಅರ್ಧ ಬಿಚ್ಚಿದ್ದವು, ಅರ್ಧ ಬಿಚ್ಚಿರಲಿಲ್ಲ.

ಕರೆಂಟ್ ಬಂದ ಮೇಲೆ ಕಪ್ಪು ಪರದೆ. ಹಳೆಯ ವಿದ್ಯಾರ್ಥಿಗೆ ಫೋನ್ ಮಾಡಿದೆ. ಅವನು ಈಗ ಮೈಸೂರಿನಲ್ಲಿ ಕೆಲಸದಲ್ಲಿದ್ದಾನೆ. ರಿಕವರಿ ಮೋಡಿಗೆ ಹೋಗಿ, ಡಿಪಿಕೆಜಿ ಕಾನ್ಫಿಗರ್ ಆಜ್ಞೆಯನ್ನು ಎಲ್ಲಾ ಪ್ಯಾಕೇಜುಗಳಿಗೂ ಕೊಟ್ಟೆವು. ಅದು ಅರ್ಧಕ್ಕೆ ನಿಂತ ಕೆಲಸವನ್ನು ಎತ್ತಿಕೊಂಡು ಮುಗಿಸುತ್ತದೆ. ಆಮೇಲೆ ಮುರಿದ ಅವಲಂಬನೆ ಸರಿಮಾಡುವ ಆಪ್ಟ್ ಆಜ್ಞೆ. ಎರಡನ್ನೂ ಒಂದಾದ ಮೇಲೆ ಒಂದು, ನಾಲ್ಕು ಸಲ. ರಾತ್ರಿ ಎಂಟಕ್ಕೆ ಮೆಷಿನ್ ಎದ್ದಿತು. ನನ್ನ ರೈಲು ತಪ್ಪಿತ್ತು, ಬಸ್ಸಿನಲ್ಲಿ ಬಂದೆ.

ಎದ್ದಿತು ನಿಜ. ಆದರೆ ಅದರ ಮೇಲೆ ನನಗೆ ನಂಬಿಕೆ ಉಳಿಯಲಿಲ್ಲ. ಒಳಗೆ ಯಾವುದು ಹೊಸದು, ಯಾವುದು ಅರ್ಧ ಹೊಸದು ಎಂದು ಹೇಳುವುದು ಹೇಗೆ? ಇನ್ನೂ ಎರಡು ಮೆಟ್ಟಿಲು ಬಾಕಿ ಬೇರೆ. ಒಂದೇ ಒಂದು ಮೆಟ್ಟಿಲು ಹಿಂದೆ ಇರುವವರು, ಉದಾಹರಣೆಗೆ 22.04ರಿಂದ 24.04ಕ್ಕೆ ಹೋಗುವವರು, ಇದ್ದಲ್ಲೇ ಅಪ್‌ಗ್ರೇಡ್ ಮಾಡಿಕೊಳ್ಳಿ, ಚೆನ್ನಾಗಿ ಆಗುತ್ತದೆ. ಮನೆಯಲ್ಲಿ 18.04 ಅಥವಾ 20.04 ಇಟ್ಟುಕೊಂಡು ಈಗಲೇ ಸಮಯ ಇಲ್ಲ ಅನ್ನುವವರಿಗೆ ಉಬುಂಟು ಪ್ರೊ ಇದೆ. ಸ್ವಂತ ಬಳಕೆಗೆ ಐದು ಮೆಷಿನ್ನಿನವರೆಗೆ ಉಚಿತ, ಭದ್ರತೆಯ ಅಪ್‌ಡೇಟ್ ಮುಂದುವರಿಯುತ್ತದೆ. ನಾಲ್ಕೈದು ಮೆಟ್ಟಿಲು ಹಿಂದೆ ಬಿದ್ದವರು ಮಾತ್ರ ಹೊಸದಾಗಿ ಹಾಕಿ, ದಾಖಲೆ ಮಾತ್ರ ಸಾಗಿಸುವುದೇ ಸರಿ ಎಂದು ನನ್ನ ಅಭಿಪ್ರಾಯ. ಮೊದಲು ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಿದೆ.

ಯಾವ ಸಿಸ್ಟಮ್ ಎಂಬ ಪ್ರಶ್ನೆ ಬಂತು. ಉಬುಂಟು ಹಾಗೇ ಇನ್ನೊಂದು ಲಿನಕ್ಸ್ ಆದ ಡೆಬಿಯನ್ 12 ಆರಿಸಿದೆ. ಆಗಸ್ಟ್ 2025ರಲ್ಲಿ ಡೆಬಿಯನ್ 13 ಬಂದಾಗಲೂ ಮನಸ್ಸು ಬದಲಿಸಲಿಲ್ಲ. ಕೋಹಾ 12ರ ಮೇಲೆ ಎರಡು ವರ್ಷದಿಂದ ಚೆನ್ನಾಗಿ ಓಡುತ್ತಿತ್ತು, ಭದ್ರತೆಯ ಅಪ್‌ಡೇಟ್ 2028ರ ಜೂನ್‌ವರೆಗೆ ಸಿಗುತ್ತದೆ. ಇನ್ನೊಂದು ಕಾರಣ ಬಾಗಿಲ ಬಳಿಯ ಮೆಷಿನ್. ಮಕ್ಕಳು ಪುಸ್ತಕ ಹುಡುಕಲು ಇಟ್ಟಿರುವ ಆ ಹಳೆಯ ಮೆಷಿನ್ 32 ಬಿಟ್‌ನದ್ದು, ಅಂದರೆ ಹಳೆಯ ತಲೆಮಾರಿನ ಪ್ರೊಸೆಸರ್. ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗಳಿಗೆ ಇನ್‌ಸ್ಟಾಲರ್ ಇಲ್ಲ. ಅಂಥ ಮೆಷಿನ್ನಿಗೆ ಹೊಸದಾಗಿ ಹಾಕಬಹುದಾದ ಕೊನೆಯ ಡೆಬಿಯನ್ ಅಂದರೆ 12. ಎರಡೂ ಕಡೆ ಒಂದೇ ಇದ್ದರೆ ನನ್ನ ತಲೆಗೂ ಹಗುರ.

ಜೂನಿನಲ್ಲಿ ಎರಡನೇ ತಾಲೀಮು. ಹೊಸ ಎಸ್‌ಎಸ್‌ಡಿಗೆ (ಹಾರ್ಡ್ ಡಿಸ್ಕಿನ ಬದಲು ಬಳಸುವ ವೇಗದ ಡಿಸ್ಕ್) ಡೆಬಿಯನ್ ಹಾಕಿ, ಅದರ ಮೇಲೆ ಕೋಹಾ 24.11 ಹಾಕಿದೆವು. ನಮ್ಮ ಹಳೆಯದು 3.20. ಆವೃತ್ತಿಯ ಸಂಖ್ಯೆ ನೋಡಿ ಗಾಬರಿ ಬೇಡ, 3.22 ಆದ ಮೇಲೆ ಅವರು ವರ್ಷ, ತಿಂಗಳಿನ ಲೆಕ್ಕಕ್ಕೆ ಬದಲಾದರು. ಹಳೆಯ ಬ್ಯಾಕಪ್ಪಿನಿಂದ ಡೇಟಾಬೇಸ್ ಮಾತ್ರ ತಗೊಂಡೆವು, ಹಳೆಯ ಸೆಟ್ಟಿಂಗ್ ಫೈಲ್ ತಗೊಳ್ಳಲಿಲ್ಲ. ಹತ್ತು ವರ್ಷದ ಹಿಂದಿನ ಸೆಟ್ಟಿಂಗ್ ಫೈಲನ್ನು ಹೊಸ ಕೋಹಾಗೆ ಕೊಟ್ಟರೆ ಅದರಲ್ಲಿ ಬೇಕಾದ ಸಾಲುಗಳೇ ಇರುವುದಿಲ್ಲ. ಡೇಟಾಬೇಸ್ ತುಂಬಿ ಕೋಹಾ-ಅಪ್‌ಗ್ರೇಡ್-ಸ್ಕೀಮಾ ಆಜ್ಞೆ ಕೊಟ್ಟರೆ, ನಡುವಿನ ಎಲ್ಲಾ ಆವೃತ್ತಿಗಳ ಬದಲಾವಣೆಯನ್ನು ಅದು ವರಸೆಯಾಗಿ ಮಾಡಿಕೊಂಡು ಬರುತ್ತದೆ. ಮುಕ್ಕಾಲು ಗಂಟೆ ಸಾಲುಗಳು ಓಡುತ್ತಿದ್ದವು. 16.05, 16.11, 17.05. ನಮ್ಮ ಹತ್ತು ವರ್ಷ ಕಣ್ಣೆದುರೇ ಸರಿದುಹೋದ ಹಾಗೆ ಅನ್ನಿಸಿತು.

ಲೆಕ್ಕ ಹಾಕಿದೆ. ಹಳೆಯ ಮೆಷಿನ್ನಿನಲ್ಲಿ ಎಷ್ಟು ಶೀರ್ಷಿಕೆ, ಎಷ್ಟು ಪ್ರತಿ, ಎಷ್ಟು ಸದಸ್ಯರು, ಎಷ್ಟು ಪುಸ್ತಕ ಹೊರಗಿವೆ ಎಂದು ಮೊದಲೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಪ್ರತಿಗಳು 28,412. ಹೊಸದರಲ್ಲೂ 28,412. ಉಳಿದ ಮೂರೂ ಸರಿಯಾಗಿದ್ದವು. ಇಂಗ್ಲಿಷ್ ಪುಸ್ತಕ ಒಂದೆರಡು ಹುಡುಕಿದೆ, ಬಂದವು. ಕೆಲಸ ಮುಗಿಯಿತು ಎಂದೇ ಅಂದುಕೊಂಡೆ.

ಅಟೆಂಡರ್ ಅಣ್ಣ ಬಂದು ಪಕ್ಕದಲ್ಲಿ ನಿಂತರು. "ಕಬ್ಬು ಅಂತ ಹಾಕಿ ನೋಡಿ ಮೇಡಂ. ಹುಡುಗ್ರು ಜಾಸ್ತಿ ಕೇಳೋದು ಅದೇಯ." ಹಾಕಿದೆ. ಸೊನ್ನೆ. ರೇಷ್ಮೆ ಎಂದು ಹಾಕಿದೆ. ಸೊನ್ನೆ. ವಚನ, ಜಾನಪದ, ಕಾವೇರಿ. ಒಂದೂ ಸರಿ ಬರಲಿಲ್ಲ. ಮಂಡ್ಯದ ಲೈಬ್ರರಿಯಲ್ಲಿ ಕಬ್ಬಿನ ಮೇಲೆ ಒಂದು ಪುಸ್ತಕವೂ ಇಲ್ಲ ಎಂದು ಪರದೆ ಹೇಳುತ್ತಿತ್ತು. ಕಪಾಟಿನಲ್ಲಿ ನನ್ನ ಎದುರಿಗೇ ಒಂದು ಸಾಲು ಇತ್ತು.

ದಾಖಲೆ ಹೋಗಿರಲಿಲ್ಲ. ಬಾರ್‌ಕೋಡ್ ಕೊಟ್ಟರೆ ಪುಸ್ತಕ ಬರುತ್ತಿತ್ತು, ಕನ್ನಡದ ಹೆಸರೂ ಸರಿಯಾಗಿ ಕಾಣುತ್ತಿತ್ತು. ಹೋಗಿದ್ದು ಹುಡುಕಾಟ. ಕೋಹಾದಲ್ಲಿ ದಾಖಲೆ ಇರುವುದು ಡೇಟಾಬೇಸಿನಲ್ಲಿ, ಹುಡುಕಲು ಜೀಬ್ರಾ ಎಂಬ ಬೇರೆ ಸೂಚಿ ಇದೆ. ಹಿಂದೆ ಲೈಬ್ರರಿಯಲ್ಲಿ ಕಪಾಟು ಬೇರೆ, ಕಾರ್ಡ್ ಇಡುವ ಡ್ರಾಯರ್ ಬೇರೆ ಇರುತ್ತಿತ್ತಲ್ಲ, ಹಾಗೆ. ಡೇಟಾಬೇಸ್ ಮಾತ್ರ ತಂದರೆ ಡ್ರಾಯರ್ ಬರುವುದಿಲ್ಲ, ಹೊಸದಾಗಿ ಕಟ್ಟಿಕೊಳ್ಳಬೇಕು. ನಾವೂ ಕಟ್ಟಿದ್ದೆವು. ಆದರೆ ಜೀಬ್ರಾ ಶುರುವಿನಲ್ಲಿ ಬಳಸುವ ಅಕ್ಷರಪಟ್ಟಿ ಲ್ಯಾಟಿನ್ ಅಕ್ಷರಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ನಮ್ಮ ಗುಣಿತದ ಗುರುತು, ಒತ್ತಕ್ಷರ ಅದಕ್ಕೆ ಸರಿಯಾಗಿ ತಿಳಿಯುವುದಿಲ್ಲ. ಕನ್ನಡಕ್ಕೆ ಐಸಿಯು ಎಂಬ ಬೇರೆ ವಿಧಾನ ಬೇಕು. ಅದನ್ನು ಡೀಫಾಲ್ಟ್ ಡಾಟ್ ಐಡಿಎಕ್ಸ್ ಎಂಬ ಫೈಲಿನಲ್ಲಿ ನಾವೇ ಬರೆಯಬೇಕು.

2015ರಲ್ಲಿ ನಾನೇ ಅದನ್ನು ಬರೆದಿದ್ದೆ. ಎರಡು ರಾತ್ರಿ ಕೂತು ಹುಡುಕಿ, ಬರೆದು, ಕನ್ನಡ ಬಂದಾಗ ಸಿಹಿ ಹಂಚಿದ್ದೆ. ಹತ್ತು ವರ್ಷದಲ್ಲಿ ಪೂರ್ತಿ ಮರೆತುಹೋಗಿತ್ತು.

ಸಿಕ್ಕಿದ್ದು ಹೇಗೆ ಅಂದರೆ, ಹಳೆಯ ಮೆಷಿನ್ನಿನ ಇಟಿಸಿ ಫೋಲ್ಡರನ್ನು ಹಾಗೇ ಕಟ್ಟಿ ಇಟ್ಟಿದ್ದೆವು. ಲಿನಕ್ಸಿನಲ್ಲಿ ಸೆಟ್ಟಿಂಗುಗಳೆಲ್ಲ ಅಲ್ಲಿರುತ್ತವೆ. ಹಳೆಯ ಕೋಹಾ ಫೋಲ್ಡರನ್ನೂ ಹೊಸದನ್ನೂ ಡಿಫ್ ಆಜ್ಞೆಯಿಂದ ಹೋಲಿಸಿದಾಗ ಕಣ್ಣಿಗೆ ಬಿತ್ತು. ಹಳೆಯದರಲ್ಲಿ ಅಕ್ಷರಪಟ್ಟಿಯ ಸಾಲಿನ ಮುಂದೆ ಒಂದು ಹ್ಯಾಶ್ ಗುರುತು (ಈ ಸಾಲನ್ನು ಬಿಟ್ಟುಬಿಡು ಎಂದು ಅರ್ಥ), ಅದರ ಕೆಳಗೆ ಐಸಿಯು ಸಾಲು. ಪಕ್ಕದಲ್ಲಿ ನನ್ನದೇ ಟಿಪ್ಪಣಿ, "ಕನ್ನಡಕ್ಕೆ, ಅಳಿಸಬೇಡಿ." ಆ ಸಾಲುಗಳನ್ನು ಹೊಸ ಫೈಲಿನಲ್ಲಿ ಬರೆದು, ಸೂಚಿಯನ್ನು ಪೂರ್ತಿ ಮತ್ತೆ ಕಟ್ಟಿದೆವು. ಕಬ್ಬು ಎಂದು ಹಾಕಿದೆ. 37 ಬಂತು. ಅಟೆಂಡರ್ ಅಣ್ಣ ಪರದೆಯ ಹತ್ತಿರ ಬಗ್ಗಿ, ಒಂದೊಂದೇ ಹೆಸರು ಜೋರಾಗಿ ಓದಿದರು.

ಸೂಚಿ ಕಟ್ಟುವಾಗ ಹನ್ನೊಂದು ದಾಖಲೆಗಳು ತಪ್ಪು ತೋರಿಸಿದವು. ಬೇರೆ ಫೈಲಿನಿಂದ ಕಾಪಿ ಮಾಡಿ ಅಂಟಿಸುವಾಗ ಕಣ್ಣಿಗೆ ಕಾಣದ ಯಾವುದೋ ಅಕ್ಷರ ಸೇರಿತ್ತು. ಅವನ್ನು ಕೈಯಲ್ಲೇ ತಿದ್ದಿದೆ.

ಅವತ್ತಿನಿಂದ ಪರೀಕ್ಷೆಯ ಪಟ್ಟಿಯನ್ನು ಅಟೆಂಡರ್ ಅಣ್ಣನ ಕೈಯಲ್ಲಿ ಬರೆಸಿದೆ. ಕೌಂಟರಿನಲ್ಲಿ ನಿಲ್ಲುವವರು ಅವರು. ಮಕ್ಕಳು ಏನು ಕೇಳುತ್ತಾರೆ ಎಂದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತು. ಮೂವತ್ತು ಪದ ಬರೆದುಕೊಟ್ಟರು. ಹಳೆಯ ಮೆಷಿನ್ನಿನಲ್ಲಿ ಒಂದೊಂದು ಪದಕ್ಕೆ ಎಷ್ಟು ಪುಸ್ತಕ ಬರುತ್ತದೆ ಎಂದು ಎದುರಿಗೆ ಬರೆದಿಟ್ಟೆವು. ಅಪ್‌ಗ್ರೇಡ್ ಆದ ಮೇಲೆ ಮೆಷಿನ್ ಎದ್ದಿತಾ ಎಂದು ನೋಡುವುದಕ್ಕಿಂತ ಈ ಪಟ್ಟಿ ನನಗೆ ಹೆಚ್ಚು ಧೈರ್ಯ ಕೊಟ್ಟಿತು. ನಿಮ್ಮದು ಅಂಗಡಿಯ ಬಿಲ್ಲಿಂಗ್ ಮೆಷಿನ್ ಆದರೆ ಹಳೆಯ ಹತ್ತು ಬಿಲ್ ಇರಲಿ, ಮನೆಯ ಲ್ಯಾಪ್‌ಟಾಪ್ ಆದರೆ ಅಪ್ಪನ ನುಡಿ ಫಾಂಟಿನ ಪತ್ರ, ಪ್ರಿಂಟರ್, ಕನ್ನಡ ಕೀಲಿಮಣೆ ಇರಲಿ. ದಿನಾ ಬಳಸುವವರನ್ನೇ ಕೂರಿಸಿ ನೋಡಿ.

ಕಾನ್ಫಿಗ್ ಫೈಲಿನ, ಅಂದರೆ ಸೆಟ್ಟಿಂಗ್ ಫೈಲಿನ ಮಾತು ಇನ್ನೊಂದು ಇದೆ. ಪ್ಯಾಕೇಜ್ ಅಪ್‌ಡೇಟ್ ಆಗುವಾಗ ನೀವು ತಿದ್ದಿದ ಫೈಲ್ ಸಿಕ್ಕಿದರೆ ಡೆಬಿಯನ್ ನಿಂತು ಕೇಳುತ್ತದೆ. ನಿಮ್ಮದು ಇಟ್ಟುಕೊಳ್ಳಲಾ, ಹೊಸದು ಹಾಕಲಾ ಎಂದು. ಗಡಿಬಿಡಿಯಲ್ಲಿ ವೈ ಒತ್ತಿದರೆ ನಿಮ್ಮದು ಹೋಗಿ ಹೊಸದು ಕೂರುತ್ತದೆ. ಏನೂ ಒತ್ತದೆ ಎಂಟರ್ ಕೊಟ್ಟರೆ ನಿಮ್ಮದೇ ಉಳಿಯುತ್ತದೆ. ಮೊದಲು ಡಿ ಒತ್ತಿ ವ್ಯತ್ಯಾಸ ಓದಿ. ಓದದೆ ಒತ್ತಬೇಡಿ. ನಮ್ಮ ಕನ್ನಡ ನಿಂತಿರುವುದು ಅಂಥ ಒಂದು ಸಾಲಿನ ಮೇಲೆ.

ದಸರಾ ರಜೆ ಬಂತು. ಸೆಪ್ಟೆಂಬರ್ 27, ಶನಿವಾರ. ಮೈಸೂರಿನಿಂದ ಬರುವ ರೈಲು ಖಾಲಿ, ಎದುರಿನಿಂದ ಹೋಗುವ ರೈಲು ಕಿಕ್ಕಿರಿದಿತ್ತು. ಲೈಬ್ರರಿ ಬಾಗಿಲು ಹಾಕಿಕೊಂಡು ಕೊನೆಯ ಡಂಪ್, ಅಂದರೆ ಡೇಟಾಬೇಸಿನ ಪೂರ್ತಿ ಪ್ರತಿ, ತೆಗೆದೆ. ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದೆ. ಮೆಷಿನ್ ಆಫ್ ಮಾಡಿ, ಹಳೆಯ ಡಿಸ್ಕ್ ಬಿಚ್ಚಿ, ಎಸ್‌ಎಸ್‌ಡಿ ಕೂರಿಸಿದೆ. ಮೆಮೊರಿಯನ್ನೂ ಎಂಟು ಜಿಬಿ ಮಾಡಿದೆವು. ಎರಡು ಸಲ ತಾಲೀಮು ಆಗಿದ್ದರಿಂದ ಯಾವ ಆಜ್ಞೆ ಆದ ಮೇಲೆ ಯಾವುದು ಎಂದು ಹಾಳೆಯಲ್ಲಿ ಇತ್ತು. ಓದಿಕೊಂಡು ಮಾಡಿದೆ ಅಷ್ಟೇ. ಒಂದು ಕಡೆ ಮಾತ್ರ ನಿಂತೆ. ಹಳೆಯದರಲ್ಲಿ ನೆಟ್‌ವರ್ಕ್ ಕಾರ್ಡಿನ ಹೆಸರು ಇಟಿಎಚ್0, ಹೊಸ ಡೆಬಿಯನ್ನಿನಲ್ಲಿ ಇಎನ್‌ಪಿ2ಎಸ್0. ಐಪಿ ವಿಳಾಸ ಬರೆಯುವಾಗ ಹಳೆಯ ಹೆಸರೇ ಬರೆದಿದ್ದೆ. ತಿದ್ದಿದ ಮೇಲೆ ಬಂತು. ಮಧ್ಯಾಹ್ನ ಮೂರಕ್ಕೆ ಮೂವತ್ತು ಪದಗಳೂ ಸರಿ ಬಂದವು.

ಏನಾದರೂ ಕೆಟ್ಟರೆ ವಾಪಸ್ ಹೋಗುವ ದಾರಿ ಸುಲಭ. ನಾಲ್ಕು ಸ್ಕ್ರೂ ಬಿಚ್ಚಿ ಹಳೆಯ ಡಿಸ್ಕ್ ಹಾಕಿದರೆ ಹತ್ತು ನಿಮಿಷದಲ್ಲಿ ಶನಿವಾರದ ಲೈಬ್ರರಿ ವಾಪಸ್. ಆದರೆ ಲೈಬ್ರರಿ ತೆರೆದು ಪುಸ್ತಕ ಕೊಡಲು ಶುರು ಮಾಡಿದ ಮೇಲೆ ಅದು ಅಷ್ಟು ಸುಲಭ ಅಲ್ಲ. ವಾಪಸ್ ಹೋದರೆ ಅಷ್ಟು ದಿನದ ಲೆಕ್ಕ ಹೋಗುತ್ತದೆ. ಅದಕ್ಕೆ ರಜೆ ಮುಗಿದ ಮೊದಲ ಎರಡು ವಾರ ಕೊಟ್ಟಿದ್ದು, ತಗೊಂಡಿದ್ದನ್ನು ಮೆಷಿನ್ನಿನ ಜೊತೆಗೆ ರಿಜಿಸ್ಟರಿನಲ್ಲೂ ಬರೆದೆವು. ಕೈ ನೋವು ಬಂತು, ಆದರೆ ನೆಮ್ಮದಿ ಇತ್ತು.

ಅಕ್ಟೋಬರ್ 1 ಆಯುಧಪೂಜೆ. ಅಟೆಂಡರ್ ಅಣ್ಣ ಚೆಂಡುಹೂ, ಅರಿಶಿನ, ಕುಂಕುಮ, ಕುಂಬಳಕಾಯಿ ತಂದಿದ್ದರು. ಸರ್ವರ್‌ಗೆ, ಪ್ರಿಂಟರ್‌ಗೆ, ಬಾರ್‌ಕೋಡ್ ಸ್ಕ್ಯಾನರ್‌ಗೆ, ಹೊಸ ಬ್ಯಾಟರಿಗೆ ಕುಂಕುಮ ಇಟ್ಟರು. ಆಮೇಲೆ, "ಹಳೇದು ಎಲ್ಲಿ ಮೇಡಂ?" ಎಂದರು. ಬೀರುವಿನಿಂದ ಹಳೆಯ ಡಿಸ್ಕ್ ತೆಗೆದುಕೊಟ್ಟೆ. ಅದರ ಕವರಿನ ಮೇಲೂ ಕುಂಕುಮ ಇಟ್ಟು, ಒಂದು ಹೂ ಇಟ್ಟರು. ಅದರ ಮೇಲೆ ನಾನು ಬರೆದಿದ್ದು ಹೀಗಿದೆ: "27 ಸೆಪ್ಟೆಂಬರ್ 2025ರವರೆಗಿನ ಲೈಬ್ರರಿ. ಒಂದು ವರ್ಷ ಅಳಿಸಬಾರದು."

ಈಗ ಮಕ್ಕಳು ಮನೆಯಿಂದ ಮೊಬೈಲಿನಲ್ಲಿ ಹುಡುಕುತ್ತಿದ್ದಾರೆ. ಹೊರಗೆ ತೆರೆದಿರುವುದು ಹುಡುಕುವ ಪುಟ ಮಾತ್ರ. ನಾವು ಕೆಲಸ ಮಾಡುವ ಸಿಬ್ಬಂದಿಯ ಪುಟ ಕಾಲೇಜಿನ ಒಳಗಿನಿಂದ ಮಾತ್ರ ಬರುತ್ತದೆ. ಭದ್ರತೆಯ ಅಪ್‌ಡೇಟ್‌ಗಳನ್ನು ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ ಎಂಬ ತಂತ್ರಾಂಶ ತಾನೇ ಹಾಕಿಕೊಳ್ಳುತ್ತದೆ. ರಾತ್ರಿಯ ಬ್ಯಾಕಪ್ ಹೋಗದಿದ್ದರೆ ಬೆಳಿಗ್ಗೆ ನನಗೆ ಮೆಸೇಜ್ ಬರುತ್ತದೆ. ಮೆಸೇಜ್ ಬರಲಿಲ್ಲ ಎಂದು ನಾನು ಸುಮ್ಮನಿರುವುದಿಲ್ಲ. ತಿಂಗಳ ಮೊದಲ ಸೋಮವಾರ ಆ ಹೊರಗಿನ ಫೈಲನ್ನೇ ಇಳಿಸಿಕೊಂಡು, ಲ್ಯಾಬಿನ ಹಳೆಯ ಮೆಷಿನ್ನಿನಲ್ಲಿ ತುಂಬಿ, ಕಬ್ಬು ಎಂದು ಹುಡುಕುತ್ತೇನೆ. ಹೋದ ಸಲ 39 ಬಂತು. ಎರಡು ಹೊಸ ಪುಸ್ತಕ ಸೇರಿವೆ.

ಬಾಗಿಲ ಬಳಿಯ 32 ಬಿಟ್ ಮೆಷಿನ್ ಇನ್ನೂ ಬಾಕಿ ಇದೆ. ಅದರ ಡಿಸ್ಕಿನ ನಕಲು ನಿನ್ನೆ ತೆಗೆದಿದ್ದೇನೆ. ಶನಿವಾರ ಡೆಬಿಯನ್ ಹಾಕುತ್ತೇನೆ.